ಮೊದಲ ಡ್ರಿಪ್‌ಗೆ ಮುಂಚಿನ ಎರಡು ವಾರ: ಕ್ಯಾನ್ಸರ್ ಚಿಕಿತ್ಸೆ ಮತ್ತು ಮಹಿಳೆಯ ಫಲವಂತಿಕೆ

ಸ್ತನ ಕ್ಯಾನ್ಸರ್‌ನ ಕೀಮೋಥೆರಪಿಯಲ್ಲಿ ಸೈಕ್ಲೊಫಾಸ್ಫಮೈಡ್ ಹಳೆಯ ಹೆಸರು. 1950ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ಔಷಧ ಇಂದಿಗೂ ಬಳಕೆಯಲ್ಲಿದೆ. ಅಂಡಾಶಯಕ್ಕೆ ಇದರಷ್ಟು ಹಾನಿ ಮಾಡುವ ಕೀಮೋ ಔಷಧಗಳು ಮಾತ್ರ ಕಡಿಮೆ. ಬೇಗಬೇಗ ವಿಭಜನೆಯಾಗುವ ಕೋಶಗಳನ್ನು ಕೀಮೋ ಕೊಲ್ಲುತ್ತದೆ ಎಂಬುದು ರೂಢಿಯ ವಿವರಣೆ. ಆದರೆ ಅಂಡಾಶಯದಲ್ಲಿ ವರ್ಷಗಟ್ಟಲೆ ನಿದ್ರಿಸುವ ಅಂಡಾಣುಗಳು ವಿಭಜನೆಯಾಗುವುದೇ ಇಲ್ಲ. ಹಾಗಿದ್ದೂ ಅವು ಸಾಯುವುದೇಕೆ?

ಈ ಔಷಧ ಡಿಎನ್‌ಎಯ ಎರಡು ಎಳೆಗಳನ್ನು ಅಡ್ಡಲಾಗಿ ಬೆಸೆದುಬಿಡುತ್ತದೆ. ದುರಸ್ತಿಯಾಗದ ಅಂಡಾಣು ತಾನಾಗಿಯೇ ನಾಶವಾಗುತ್ತದೆ. ಇನ್ನೊಂದು ದಾರಿ ಹೆಚ್ಚು ಕುತೂಹಲಕರ. ಬೆಳೆಯುತ್ತಿರುವ ಅಂಡಕೋಶಿಕೆಗಳು (ಅಂಡಾಣುವನ್ನು ಹೊತ್ತ ಪುಟ್ಟ ಚೀಲಗಳು) ಸತ್ತಾಗ, ಸುಪ್ತ ಅಂಡಕೋಶಿಕೆಗಳಿಗೆ ಅವುಗಳಿಂದ ಸಿಗುತ್ತಿದ್ದ ‘ಇನ್ನೂ ಏಳಬೇಡಿ’ ಎಂಬ ರಾಸಾಯನಿಕ ಸೂಚನೆ ನಿಲ್ಲುತ್ತದೆ. ಆಗ ಅವೂ ಗುಂಪಾಗಿ ಎಚ್ಚೆತ್ತು ದಾಸ್ತಾನು ಬರಿದಾಗುತ್ತದೆ. 2013ರಲ್ಲಿ ಇಸ್ರೇಲಿನ ಸಂಶೋಧಕರು ಇಲಿಗಳಲ್ಲಿ ಕಂಡದ್ದು ಇದನ್ನೇ. ಮನುಷ್ಯರಲ್ಲಿ ಈ ಎರಡರ ಪಾಲು ಎಷ್ಟೆಷ್ಟು ಎಂಬ ಚರ್ಚೆ ಮುಗಿದಿಲ್ಲ.

ದಾಸ್ತಾನು ಮತ್ತೆ ತುಂಬುವಂಥದ್ದಲ್ಲ. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು-ನಾಲ್ಕು ಲಕ್ಷ. ಹೀಗಾಗಿ ಅದೇ ಔಷಧ, ಅದೇ ಪ್ರಮಾಣ ಪಡೆದರೂ 25ರ ಯುವತಿಗೆ ಮುಟ್ಟು ಮರಳಬಹುದು, 40ರಾಕೆಗೆ ಶಾಶ್ವತವಾಗಿ ನಿಲ್ಲಬಹುದು. ‘ಮುಟ್ಟು ಶುರುವಾಯಿತಲ್ಲ, ಇನ್ನೇನು ಚಿಂತೆ’ ಎಂಬ ಸಮಾಧಾನ ಅರ್ಧ ಸತ್ಯ: ಮುಟ್ಟಾಗುತ್ತಿದ್ದರೂ ದಾಸ್ತಾನು ತಳ ಮುಟ್ಟಿರಬಹುದು, ಋತುಬಂಧ ಹತ್ತು ವರ್ಷ ಮೊದಲೇ ಬರಬಹುದು. ಅದರ ಬೆನ್ನಿಗೇ ಮೂಳೆ ಸವೆತ, ಮೈ ಬಿಸಿಯೇರುವಿಕೆ, ಯೋನಿಯ ಒಣಗುವಿಕೆ ಬರುತ್ತವೆ. ಸ್ತನ ಕ್ಯಾನ್ಸರ್ ಆದವರಿಗೆ ಇವಕ್ಕೆ ಹಾರ್ಮೋನು ಕೊಡುವುದನ್ನೂ ವೈದ್ಯರು ಸಾಮಾನ್ಯವಾಗಿ ತಪ್ಪಿಸುತ್ತಾರೆ.

ವಿಕಿರಣದ ಲೆಕ್ಕ ಇನ್ನೂ ಕಠಿಣ. ಅರ್ಧದಷ್ಟು ಅಂಡಾಣುಗಳನ್ನು ಕೊಲ್ಲಲು 2 ಗ್ರೇಗಿಂತ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ಕಡಿಮೆ ಸಾಕು. ಗರ್ಭಕಂಠದ ಕ್ಯಾನ್ಸರ್‌ಗೆ ಹೊರಗಿನಿಂದ ಕೊಡುವುದೇ ಸುಮಾರು 45ರಿಂದ 50 ಗ್ರೇ. ಅಂಡಾಶಯವನ್ನು ಶಸ್ತ್ರಕ್ರಿಯೆಯಿಂದ ಮೇಲಕ್ಕೆ ಸರಿಸಬಹುದು. ಅಷ್ಟು ವಿಕಿರಣ ಉಂಡ ಗರ್ಭಕೋಶ ಮಾತ್ರ ಗಡುಸಾಗಿ, ರಕ್ತಸಂಚಾರ ಕುಗ್ಗಿ, ಗರ್ಭ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ರೋಗ ಆರಂಭದ ಹಂತದಲ್ಲಿದ್ದರೆ ಗರ್ಭಕಂಠವನ್ನಷ್ಟೇ ತೆಗೆದು ಗರ್ಭಕೋಶ ಉಳಿಸುವ ಶಸ್ತ್ರಕ್ರಿಯೆ ಸಾಧ್ಯ. ಫ್ರಾನ್ಸಿನ ಡೇನಿಯಲ್ ಡಾರ್ಜಾಂ ಅದನ್ನು 1980ರ ದಶಕದಲ್ಲೇ ಮಾಡಿ ತೋರಿಸಿದ್ದರು.

ಹಾಗಾದರೆ ಮೊದಲ ಡ್ರಿಪ್‌ಗೆ ಮುಂಚೆ ಏನು ಸಾಧ್ಯ? ಸುಮಾರು ಎರಡು ವಾರ ಸಿಕ್ಕರೆ ಅಂಡಾಣು ಸಂಗ್ರಹ ಮುಗಿಯುತ್ತದೆ. ಮುಟ್ಟಿನ ದಿನಕ್ಕೆ ಕಾಯಬೇಕಿಲ್ಲ. ಹತ್ತು-ಹನ್ನೆರಡು ದಿನ ಹೊಟ್ಟೆಯ ಚರ್ಮಕ್ಕೆ ಹಾರ್ಮೋನ್ ಚುಚ್ಚುಮದ್ದು, ನಡುನಡುವೆ ಸ್ಕ್ಯಾನ್, ಕೊನೆಗೆ ಅರಿವಳಿಕೆ ಕೊಟ್ಟು ಯೋನಿಯ ಮೂಲಕ ಸೂಜಿ ತೂರಿಸಿ ಅಂಡಾಣುಗಳನ್ನು ಹೀರಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಈಸ್ಟ್ರೊಜನ್ ಏರಿ ಗಡ್ಡೆಗೆ ಪುಷ್ಟಿ ಸಿಗದಿರಲೆಂದು ಜೊತೆಗೆ ಲೆಟ್ರೊಜೋಲ್ ಮಾತ್ರೆ.

ಅಷ್ಟು ಸಮಯವಿಲ್ಲದವರಿಗೆ, ಮೈನೆರೆಯದ ಹುಡುಗಿಯರಿಗೆ, ಅಂಡಾಶಯದ ತುಣುಕನ್ನೇ ಶೀತಲೀಕರಿಸುವ ವಿಧಾನವಿದೆ. ಬೆಲ್ಜಿಯಂನ ಜಾಕ್ ಡೊನೆ ತಂಡ 1997ರಲ್ಲಿ ಹಾಜ್‌ಕಿನ್ ಲಿಂಫೋಮಾ ರೋಗಿಯೊಬ್ಬಳಿಂದ ತೆಗೆದಿಟ್ಟ ತುಣುಕನ್ನು 2003ರಲ್ಲಿ ಮರಳಿ ಕಸಿ ಮಾಡಿತು. ಮರುವರ್ಷ ಆಕೆಗೆ ಹೆಣ್ಣುಮಗು ಹುಟ್ಟಿತು. ಆ ಅಂಡಾಣು ಒಳಗೇ ಉಳಿದಿದ್ದ ಅಂಡಾಶಯದ್ದಿರಬಹುದೆಂದು ಕೆಲವರು ತಕರಾರು ತೆಗೆದರು, ಅದು ನ್ಯಾಯವಾದ ಸಂದೇಹವೇ. ಆ ಬಳಿಕ ಈ ವಿಧಾನದಿಂದ ಇನ್ನೂರಕ್ಕೂ ಹೆಚ್ಚು ಮಕ್ಕಳು ಹುಟ್ಟಿದ ಮೇಲೆ ವಾದ ತಣ್ಣಗಾಗಿದೆ. ಲ್ಯುಕೇಮಿಯಾದಲ್ಲಿ ಮಾತ್ರ ತುಣುಕಿನೊಂದಿಗೆ ರೋಗವೂ ಮರಳುವ ಭಯ ಉಳಿದಿದೆ.

ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಗರ್ಭಧಾರಣೆ ರೋಗವನ್ನು ಮರಳಿ ತರುತ್ತದೆ ಎಂಬ ಅಂಜಿಕೆಗೆ 2023ರ ‘ಪಾಸಿಟಿವ್’ ಅಧ್ಯಯನ ಉತ್ತರ ಕೊಟ್ಟಿದೆ. ಹಾರ್ಮೋನ್ ತಡೆಯುವ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿ ಮಗು ಪಡೆಯಲು ಯತ್ನಿಸಿದ 516 ಮಹಿಳೆಯರಲ್ಲಿ ಮೂರು ವರ್ಷಕ್ಕೆ ರೋಗ ಮರುಕಳಿಸಿದ್ದು ಶೇ. 8.9, ಹೋಲಿಕೆಯ ಗುಂಪಿನಲ್ಲಿ ಶೇ. 9.2. ಗರ್ಭಧಾರಣೆಯ ವಿವರ ಸಿಕ್ಕ 497 ಮಂದಿಯಲ್ಲಿ 317 ಮಂದಿಗೆ ಮಕ್ಕಳಾದವು. ಆದರೆ ಹಾರ್ಮೋನ್ ಸಂವೇದಿ ಕ್ಯಾನ್ಸರ್ ಹತ್ತು ವರ್ಷದ ನಂತರವೂ ತಲೆಯೆತ್ತಬಲ್ಲದು; ಮೂರು ವರ್ಷದ ಅಂಕಿಅಂಶದ ಮೇಲೆ ಪೂರ್ಣ ಭರವಸೆ ಇಡಲಾಗದು.

ಭಾರತದಲ್ಲಿ ತಂತ್ರವೂ ಇದೆ, ಪರಿಣತರೂ ಇದ್ದಾರೆ. ಅಡ್ಡಿ ಬೇರೆ ಕಡೆ ಇದೆ. ಆಯುಷ್ಮಾನ್ ಭಾರತ್ ಕೀಮೋದ ವೆಚ್ಚ ಭರಿಸುತ್ತದೆ. ಆದರೆ ಬಂಜೆತನ ಸಂಬಂಧಿ ಚಿಕಿತ್ಸೆಗಳನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಬಡ ರೋಗಿಯ ಹೊರರೋಗಿ ಚೀಟಿಯಲ್ಲಿ ಮಕ್ಕಳ ಪ್ರಶ್ನೆಗೆ ಜಾಗವೇ ಸಿಗದಿರಲು ಇದೂ ಕಾರಣವೆನ್ನಬೇಕು. 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆ ಈ ಸೇವೆಗಳನ್ನು 21 ದಾಟಿದ, 50 ತುಂಬದ ಮಹಿಳೆಯರಿಗೆ ಸೀಮಿತಗೊಳಿಸಿದೆ. 19ರ ಲಿಂಫೋಮಾ ರೋಗಿ ಈ ಗೆರೆಯ ಹೊರಗೆ ನಿಲ್ಲುತ್ತಾಳೆ. ಭ್ರೂಣಗಳನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಹಾರ್ಮೋನ್ ತಡೆಯುವ ಟಾಮೊಕ್ಸಿಫೆನ್ ಮಾತ್ರೆಯನ್ನು ಸ್ತನ ಕ್ಯಾನ್ಸರ್ ಆದ ಕೆಲವರು ನುಂಗಬೇಕಾದ ಅವಧಿಯೂ ಹತ್ತೇ ವರ್ಷ. 26ನೇ ವಯಸ್ಸಿನಲ್ಲಿ ಭ್ರೂಣ ಕಾಯ್ದಿರಿಸಿ, ನಡುವೆ ನಿಲ್ಲಿಸದೆ ಮಾತ್ರೆ ನುಂಗಿದವಳಿಗೆ ಚಿಕಿತ್ಸೆ ಮುಗಿಯುವುದೂ ಭ್ರೂಣದ ಗಡುವು ತೀರುವುದೂ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ.