ಜರ್ಬಿಲ್ ಹೆಣ್ಣುಗಳ ಜೋಡಿ

ಮಂಗೋಲಿಯಾ, ಉತ್ತರ ಚೀನಾಗಳ ಹುಲ್ಲುಬಯಲಿನ ಜರ್ಬಿಲ್ ಇಲಿ ಮನೆಯ ಸಾಕುಪ್ರಾಣಿಯಾಗಿ ಬಹಳ ಕಾಲವಾಗಿಲ್ಲ. 1935ರಲ್ಲಿ ಅಮೂರ್ ನದಿಯ ಸೀಮೆಯಲ್ಲಿ ಹಿಡಿದ 20 ಜೋಡಿಗಳು ಜಪಾನಿನ ಪ್ರಯೋಗಾಲಯಕ್ಕೆ ಬಂದವು. ಅವುಗಳ ಸಂತತಿಯ 11 ಜೋಡಿಗಳು 1954ರಲ್ಲಿ ಅಮೆರಿಕ ಸೇರಿದವು. ಮನೆಗಳಿಗೆ ಹರಡಿದ್ದು ಆಮೇಲೆ. ಆದರೆ ಬಿಲದ ಸ್ವಭಾವ ಪಂಜರದಲ್ಲೂ ಉಳಿಯಿತು. ಬಯಲಿನಲ್ಲಿ ಒಂದು ಬಿಲ ಒಂದೇ ಕುಟುಂಬದ್ದು. ಜರ್ಬಿಲ್‌ಗಳು ಹೊಟ್ಟೆಯ ಗ್ರಂಥಿಯನ್ನು ನೆಲಕ್ಕೆ ಉಜ್ಜಿ ವಾಸನೆಯಿಂದಲೇ ಗಡಿ ಹಾಕುತ್ತವೆ. ಹೊಸ ವಾಸನೆಯ ಹೆಣ್ಣನ್ನು ಒಳಗಿನ ಹೆಣ್ಣು ಕಚ್ಚಿ ಕೊಲ್ಲಲೂಬಹುದು. ಹಾಗಾಗಿ ಅಪರಿಚಿತ ಹೆಣ್ಣುಗಳೆರಡನ್ನು ಜೋಡಿ ಮಾಡಲು, ಸಾಕುವವರಲ್ಲಿ ಪಂಜರದ ನಡುವೆ ತಂತಿಜಾಲರಿ ಇಟ್ಟು, ಅದರ ಆಚೀಚೆ ಬಿಟ್ಟ ಎರಡನ್ನೂ ದಿನಕ್ಕೆ ಹಲವು ಸಲ ಅದಲುಬದಲು ಮಾಡುವ ರೂಢಿ ಬೆಳೆಯಿತು. ಜಾಲರಿಗೆ ಒತ್ತಿಕೊಂಡು ಎರಡೂ ಅಕ್ಕಪಕ್ಕ ನಿದ್ದೆ ಹೋದರೆ ಅದು ನಿಜಕ್ಕೂ ಶುಭಸೂಚನೆ. ಜಾಲರಿ ತೆಗೆದಾಗ ಪರಸ್ಪರ ಮೈ ನೆಕ್ಕಿದರೆ ಸರಿ. ಉಂಡೆಯಾಗಿ ಹೊರಳಾಡಿ ಕಾದಾಡಿದರೆ ತಕ್ಷಣ ಬೇರ್ಪಡಿಸಬೇಕು. ಪ್ರಾಯಕ್ಕೆ ಬಂದಾಗ ಒಡಹುಟ್ಟಿದ ಹೆಣ್ಣುಗಳ ನಡುವೆಯೂ ನಂಟು ಮುರಿಯುವುದುಂಟು.