ಉಸಿರು ಬಂತು, ಕಾಯಿಲೆ ಹೋಗಲಿಲ್ಲ: ನೀಲಿ ಇನ್‌ಹೇಲರ್ ಹಿಂದಿನ ಕಥೆ

ನಿಮ್ಮ ಕ್ಲಾಸಲ್ಲೋ, ಆಫೀಸಲ್ಲೋ, ಪಿ.ಜಿ. ರೂಮಲ್ಲೋ ಇಂಥವರು ಒಬ್ಬರಾದ್ರೂ ಇರ್ತಾರೆ. ಬ್ಯಾಗಿನ ಒಳಜೇಬಲ್ಲಿ ಒಂದು ನೀಲಿ ಇನ್‌ಹೇಲರ್ ಇಟ್ಕೊಂಡಿರ್ತಾರೆ. ಉಸಿರು ಕಟ್ಟಿದಾಗ ಯಾರಿಗೂ ಕಾಣದ ಹಾಗೆ ಪಕ್ಕಕ್ಕೆ ಹೋಗಿ ಎರಡು ಸಲ ಒತ್ತಿ ಎಳ್ಕೊಂಡು ವಾಪಸ್ ಬರ್ತಾರೆ. ಕೇಳಿದ್ರೆ, ‘ಏನಿಲ್ಲ, ಸ್ವಲ್ಪ ವೀಸಿಂಗ್’ ಅಂತಾರೆ. ಆ ವ್ಯಕ್ತಿ ನೀವೇ ಆಗಿರಬಹುದು.

ಇವತ್ತಿನ ಸಂಚಿಕೆ ಆ ಪುಟ್ಟ ಡಬ್ಬಿಯ ಇತಿಹಾಸ. ಔಷಧ ಕಂಡುಹಿಡಿದ ಕಥೆ ಇದರಲ್ಲಿ ಅರ್ಧ ಮಾತ್ರ. ಆ ಔಷಧವನ್ನ ಹೇಗೆ ಬಳಸಬೇಕು ಅಂತ ರೋಗಿಗಳು ಮತ್ತು ಡಾಕ್ಟರುಗಳು ಇಬ್ಬರೂ ಎಷ್ಟು ತಡವಾಗಿ ಕಲಿತರು, ಆ ತಡಕ್ಕೆ ಎಷ್ಟು ಜೀವ ಹೋಯ್ತು ಅನ್ನೋದು ಉಳಿದ ಅರ್ಧ.

ಮದ್ರಾಸಿನಿಂದ ಹೋದ ಹೊಗೆ

ಶುರು ಮಾಡೋಣ ನಮ್ಮ ಪಕ್ಕದಿಂದಲೇ. ಬೇಲಿ ಸಾಲಲ್ಲಿ, ಪಾಳು ಜಾಗದಲ್ಲಿ ಬೆಳೆಯೋ ದತ್ತೂರಿ ಗಿಡ ಗೊತ್ತಲ್ಲ? ಮುಳ್ಳು ಮುಳ್ಳು ಕಾಯಿ, ತುತ್ತೂರಿ ಥರದ ಹೂವು. ಅದು ವಿಷದ ಗಿಡ, ಪ್ರಯೋಗ ಮಾಡೋಕೆ ಹೋಗಬೇಡಿ. ಆದರೆ ಅದನ್ನ ಒಣಗಿಸಿ ಹೊಗೆ ಸೇದಿದ್ರೆ ಉಬ್ಬಸ ಇಳಿಯುತ್ತೆ ಅನ್ನೋದು ಭಾರತದಲ್ಲಿ ಹಳೆಯ ತಿಳಿವಳಿಕೆ. 1802ರಲ್ಲಿ ಜನರಲ್ ಜೆಂಟ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಈ ಪದ್ಧತಿಯನ್ನ ಮದ್ರಾಸಿನಿಂದ ಬ್ರಿಟನ್‌ಗೆ ತಗೊಂಡು ಹೋದ. ಅಲ್ಲಿಂದ ಅದು ಯುರೋಪ್ ತುಂಬಾ ಹರಡಿತು. ‘ಅಸ್ತಮಾ ಸಿಗರೇಟ್’ ಅಂತ ಔಷಧ ಅಂಗಡಿಗಳಲ್ಲಿ ಮಾರಾಟವೇ ಆಯ್ತು, ಅದೂ ಇಪ್ಪತ್ತನೇ ಶತಮಾನದ ನಡುವಿನವರೆಗೆ. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ಕೂಡ ಇಂಥ ಹೊಗೆಯ ಗಿರಾಕಿ.

ಈಗ ಕೇಳಿದ್ರೆ ನಗು ಬರುತ್ತೆ, ಉಬ್ಬಸಕ್ಕೆ ಸಿಗರೇಟಾ ಅಂತ. ಆದರೆ ಅದರಲ್ಲಿ ಕೆಲಸ ಮಾಡೋ ಅಂಶ ಇತ್ತು. ದತ್ತೂರಿಯಲ್ಲಿರೋ ಅಟ್ರೋಪಿನ್ ಥರದ ರಾಸಾಯನಿಕ ಶ್ವಾಸನಾಳದ ಸ್ನಾಯುಗಳನ್ನ ಸಡಿಲ ಮಾಡುತ್ತೆ. ಇವತ್ತು ಆಸ್ಪತ್ರೆಯಲ್ಲಿ ನೆಬ್ಯುಲೈಸರ್‌ಗೆ ಹಾಕೋ ಇಪ್ರಾಟ್ರೋಪಿಯಂ ಅದೇ ವಂಶದ್ದು.

ಇಲ್ಲೇ ಒಂದು ಮುಖ್ಯ ವಿಷಯ ಬರುತ್ತೆ. ಅಸ್ತಮಾದಲ್ಲಿ ಎರಡು ಕೆಲಸ ಒಟ್ಟಿಗೆ ನಡೀತಿರುತ್ತೆ. ಒಂದು, ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯಾಗೋದು. ಎರಡು, ನಾಳದ ಒಳಗೋಡೆ ಕೆಂಪಾಗಿ ಊದಿಕೊಂಡು ಕಫ ತುಂಬೋದು, ಅಂದ್ರೆ ಉರಿಯೂತ. ಸ್ನಾಯು ಸಡಿಲ ಆದ ಕೂಡಲೇ ಉಸಿರು ಬರುತ್ತೆ, ಗೋಡೆಯ ಊತ ಮಾತ್ರ ಹಾಗೇ ಇರುತ್ತೆ. ಹೊಗೆ ಮೊದಲನೆಯದಕ್ಕೆ ಮದ್ದು, ಎರಡನೆಯದಕ್ಕೆ ಅಲ್ಲ.

ಡಾಕ್ಟರುಗಳಿಗಾದ್ರೂ ಇದು ಗೊತ್ತಿತ್ತಾ? ಆಧುನಿಕ ವೈದ್ಯಶಾಸ್ತ್ರದ ದೊಡ್ಡ ಹೆಸರು ವಿಲಿಯಂ ಆಸ್ಲರ್ 1892ರ ತಮ್ಮ ಪಠ್ಯಪುಸ್ತಕದಲ್ಲಿ ಸಣ್ಣ ನಾಳಗಳ ಉರಿಯೂತದ ಬಗ್ಗೆ ಬರೆದಿದ್ರು. ಆದರೆ ಅದೇ ಪುಸ್ತಕ, ಉಬ್ಬಸ ಬಂದಾಗ ರೋಗಿ ಸಾಯೋದಿಲ್ಲ ಅಂತಲೂ ಹೇಳ್ತು. ಡಾಕ್ಟರುಗಳ ಮನಸ್ಸಲ್ಲಿ ಗಟ್ಟಿಯಾಗಿ ಕೂತಿದ್ದು ಈ ಎರಡನೇ ಮಾತು. ಆಮೇಲೆ 1930-40ರ ದಶಕಗಳಲ್ಲಿ ಅಸ್ತಮಾ ಮನಸ್ಸಿನ ಕಾಯಿಲೆ, ತಾಯಿ-ಮಗುವಿನ ಸಂಬಂಧದ ತೊಂದರೆ ಅನ್ನೋ ವಾದ ಜೋರಾಯ್ತು. ಅಮೆರಿಕದಲ್ಲಿ ತೀವ್ರ ಅಸ್ತಮಾ ಇದ್ದ ಮಕ್ಕಳನ್ನ ಅಪ್ಪ-ಅಮ್ಮನಿಂದ ಬೇರೆ ಮಾಡಿ ಡೆನ್ವರ್ ಊರಿನ ಆಶ್ರಮದಂಥ ಕೇಂದ್ರಕ್ಕೆ ಕಳಿಸ್ತಿದ್ರು. ಕೆಲವು ಮಕ್ಕಳು ಅಲ್ಲಿ ಸುಧಾರಿಸಿಕೊಂಡರು ನಿಜ. ಆದರೆ ‘ನನ್ನಿಂದಲೇ ಮಗುವಿಗೆ ಹೀಗಾಯ್ತು’ ಅಂತ ಎಷ್ಟು ತಾಯಂದಿರು ಕೊರಗಿರಬಹುದು, ಯೋಚಿಸಿ.

ಹದಿಮೂರರ ಹುಡುಗಿಯ ಪ್ರಶ್ನೆ

ಈಗ 1955ಕ್ಕೆ ಬರೋಣ. ಅಮೆರಿಕದಲ್ಲಿ ರೈಕರ್ ಲ್ಯಾಬೊರೇಟರೀಸ್ ಅನ್ನೋ ಔಷಧ ಕಂಪನಿ, ಅದರ ಮುಖ್ಯಸ್ಥ ಜಾರ್ಜ್ ಮೇಸನ್. ಅವರ ಮಗಳು ಸೂಸಿಗೆ ಆಗ 13 ವರ್ಷ, ಅವಳಿಗೆ ಅಸ್ತಮಾ. ಆ ಕಾಲದ ಸಾಧನ ಗಾಜಿನ ನೆಬ್ಯುಲೈಸರ್. ರಬ್ಬರ್ ಚೆಂಡನ್ನ ಹಿಂಡಿ ಹಿಂಡಿ ಔಷಧ ಎಳ್ಕೋಬೇಕು. ಬಿದ್ರೆ ಒಡೆಯುತ್ತೆ, ಸ್ಕೂಲಿಗೆ ಒಯ್ಯೋಕಾಗಲ್ಲ. ಅವಳು ಅಪ್ಪನ್ನ ಕೇಳಿದ್ಳಂತೆ: ಹೇರ್‌ಸ್ಪ್ರೇ ಇದ್ಯಲ್ಲ, ಅದೇ ಥರ ನನ್ನ ಔಷಧನೂ ಡಬ್ಬಿಯಲ್ಲಿ ಯಾಕೆ ಬರಬಾರದು?

ಅಪ್ಪ ಈ ಪ್ರಶ್ನೆಯನ್ನ ಪ್ರಯೋಗಾಲಯಕ್ಕೆ ತಗೊಂಡು ಹೋದ್ರು. ಸುಗಂಧದ್ರವ್ಯದ ಬಾಟಲಿಗೆ ಬಳಸ್ತಿದ್ದ ಅಳತೆಯ ವಾಲ್ವ್ ಸಿಕ್ತು. ಒತ್ತಿದ್ರೆ ಪ್ರತಿ ಸಲ ಅಷ್ಟೇ ಪ್ರಮಾಣ ಹೊರಬರುತ್ತೆ. 1956ರಲ್ಲಿ ‘ಮೆಡಿಹೇಲರ್’ ಮಾರುಕಟ್ಟೆಗೆ ಬಂತು. ಜೇಬಲ್ಲಿ ಹಿಡಿಯುವಷ್ಟು ಪುಟ್ಟದು, ಕ್ಷಣದಲ್ಲಿ ಉಸಿರು ಬಿಡಿಸೋವಂಥದ್ದು. ಉಬ್ಬಸದವರ ಬದುಕಿಗೆ ಅದು ಹೇಗೆ ಅನಿಸಿರಬೇಕು ಹೇಳಿ! ರಾತ್ರಿಯೆಲ್ಲಾ ಕಿಟಕಿ ಹಿಡ್ಕೊಂಡು ಕೂರಬೇಕಾಗಿಲ್ಲ.

ಆದರೆ ಡಬ್ಬಿ ಜೊತೆ ಒಂದು ಪಾಠ ಬರಬೇಕಿತ್ತು, ಅದು ಬರಲಿಲ್ಲ. ‘ಎರಡು ಗಂಟೆಗೊಮ್ಮೆ ಬೇಕಾಗ್ತಿದೆ ಅಂದ್ರೆ ಕಾಯಿಲೆ ಕೈಮೀರ್ತಿದೆ, ತಕ್ಷಣ ಆಸ್ಪತ್ರೆಗೆ ಹೋಗಿ’ ಅಂತ ರೋಗಿಗೆ ಸ್ಪಷ್ಟವಾಗಿ ಹೇಳೋ ಪದ್ಧತಿ ಆಗ ಇರಲಿಲ್ಲ.

ಸಾವಿನ ಲೆಕ್ಕ

1960ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣ ದಾಖಲೆಗಳಲ್ಲಿ ವಿಚಿತ್ರ ಏರಿಕೆ ಕಾಣಿಸ್ತು. 10ರಿಂದ 14 ವರ್ಷದ ಮಕ್ಕಳಲ್ಲಿ ಅಸ್ತಮಾ ಸಾವು 1959ರಿಂದ 1966ರ ಒಳಗೆ ಸುಮಾರು ಎಂಟು ಪಟ್ಟು ಹೆಚ್ಚಿತ್ತು. ಆ ವಯಸ್ಸಿನ ಒಟ್ಟು ಸಾವುಗಳಲ್ಲಿ ಶೇ 7ರಷ್ಟು ಅಸ್ತಮಾದಿಂದಲೇ. ಇದನ್ನ ಲೆಕ್ಕ ಹಾಕಿ 1968ರಲ್ಲಿ ಪ್ರಕಟಿಸಿದ್ದು ಸ್ಪೈಜರ್, ಡಾಲ್ ಮತ್ತು ಹೀಫ್. ಈ ಡಾಲ್, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ತೋರಿಸಿದ ಅದೇ ರಿಚರ್ಡ್ ಡಾಲ್.

ಅನುಮಾನ ಹೋಗಿದ್ದು ಐಸೊಪ್ರೆನಲಿನ್ ಇನ್‌ಹೇಲರ್‌ಗಳ ಮೇಲೆ. ಅವು ಡಾಕ್ಟರ್ ಚೀಟಿ ಇಲ್ಲದೆ ಸಿಗ್ತಿದ್ದವು. 1967ರಲ್ಲಿ ಡಾಕ್ಟರುಗಳಿಗೆ ಎಚ್ಚರಿಕೆ ಹೋಯ್ತು, 1968ರಲ್ಲಿ ಚೀಟಿ ಕಡ್ಡಾಯ ಆಯ್ತು, ಸಾವುಗಳು ಇಳಿದವು. 1972ರಲ್ಲಿ ಅಮೆರಿಕದ ಪಾಲ್ ಸ್ಟಾಲಿ ಇನ್ನೊಂದು ಅಂಶ ತೋರಿಸಿದ್ರು: ಐದು ಪಟ್ಟು ಪ್ರಬಲವಾದ ‘ಫೋರ್ಟ್’ ಇನ್‌ಹೇಲರ್ ಮಾರಾಟ ಆದ ದೇಶಗಳಲ್ಲೇ ಸಾವು ಹೆಚ್ಚಿತ್ತು. ಅದಕ್ಕೆ ಅನುಮತಿ ಸಿಗದ ಅಮೆರಿಕದಲ್ಲಿ ಅಂಥ ಏರಿಕೆ ಇರಲಿಲ್ಲ.

ಔಷಧವೇ ಹೃದಯಕ್ಕೆ ಹೊಡೆತ ಕೊಡ್ತಾ, ಅಥವಾ ‘ಇನ್ನೊಂದು ಸಲ ಒತ್ತಿದ್ರೆ ಸರಿಹೋಗುತ್ತೆ’ ಅಂತ ಜನ ಆಸ್ಪತ್ರೆಗೆ ತಡವಾಗಿ ಹೋದ್ರಾ? ತಜ್ಞರ ನಡುವೆ ವರ್ಷಗಟ್ಟಲೆ ಜಗಳ ನಡೀತು. ಆದರೆ ಎರಡೂ ಉತ್ತರ ಒಂದೇ ಕಡೆ ಬೊಟ್ಟು ಮಾಡ್ತವೆ: ರೋಗಿಯ ಕೈಲಿ ಡಬ್ಬಿ ಇತ್ತು, ಯಾವಾಗ ನಿಲ್ಲಿಸಬೇಕು ಅನ್ನೋ ಮಾಹಿತಿ ಇರಲಿಲ್ಲ.

1969ರಲ್ಲಿ ಸಾಲ್ಬುಟಮಾಲ್ ಬಂತು. ನಮ್ಮ ನೀಲಿ ಇನ್‌ಹೇಲರ್‌ನಲ್ಲಿ ಇರೋದು ಇದೇ. ಹೃದಯದ ಮೇಲೆ ಪರಿಣಾಮ ಕಡಿಮೆ. 1972ರಲ್ಲಿ ಬೆಕ್ಲೊಮೆಥಾಸೋನ್, ಅಂದ್ರೆ ಎಳ್ಕೊಳ್ಳೋ ಸ್ಟೆರಾಯ್ಡ್ ಬಂತು. ಕೊನೆಗೂ ಒಳಗೋಡೆಯ ಊತಕ್ಕೇ ನೇರ ಮದ್ದು. ಆದರೆ ಇದರ ಸಮಸ್ಯೆ ನೋಡಿ: ಎಳ್ಕೊಂಡ ತಕ್ಷಣ ಏನೂ ಅನಿಸಲ್ಲ. ದಿನಾ ತಗೋಬೇಕು, ನಿಧಾನಕ್ಕೆ ಕೆಲಸ ಮಾಡುತ್ತೆ. ಹಾಗಾಗಿ ಜನ ತಕ್ಷಣ ಉಸಿರು ಕೊಡೋದನ್ನ ನಂಬಿದ್ರು, ಜೀವ ಕಾಯೋದನ್ನ ಮೂಲೆಗೆ ಇಟ್ಟರು.

ನ್ಯೂಜಿಲೆಂಡ್ ಮತ್ತು ಒಂದು ಪುಟ್ಟ ಕಾರ್ಡ್

ಪಾಠ ಮುಗೀಲಿಲ್ಲ. 1976ರಲ್ಲಿ ನ್ಯೂಜಿಲೆಂಡ್‌ಗೆ ಫೆನೊಟೆರಾಲ್ ಅನ್ನೋ ಪ್ರಬಲ ಇನ್‌ಹೇಲರ್ ಬಂತು. ಅದರ ಬೆನ್ನಿಗೇ ಸಾವು ಏರ್ತು. ವೆಲಿಂಗ್ಟನ್‌ನ ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್, ರಿಚರ್ಡ್ ಬೀಸ್ಲಿ ಮತ್ತು ಗೆಳೆಯರು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದರ ನಂಟನ್ನ ಪ್ರಕಟಿಸಿದ್ರು. ವಿರೋಧ ಜೋರಾಗಿಯೇ ಬಂತು. ಆದರೆ ಆ ಔಷಧದ ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವುಗಳೂ ಇಳಿದವು.

ಆ ತಂಡದ ಇನ್ನೊಂದು ಕೆಲಸಕ್ಕೆ ಅಷ್ಟು ಸದ್ದಾಗಲಿಲ್ಲ. ವೈರರಾಪ ಪ್ರದೇಶದ ಮಾವೊರಿ ಸಮುದಾಯದ ಜೊತೆ ಸೇರಿ ಅವರು ಕ್ರೆಡಿಟ್ ಕಾರ್ಡ್ ಗಾತ್ರದ ಒಂದು ಕಾರ್ಡ್ ಕೊಟ್ರು. ಊದಿ ಉಸಿರಿನ ಬಲ ಅಳೆಯೋ ಪೀಕ್ ಫ್ಲೋ ಮೀಟರ್‌ನಲ್ಲಿ ಎಷ್ಟು ಬಂದ್ರೆ ಏನು ಮಾಡಬೇಕು, ರಾತ್ರಿ ಉಬ್ಬಸದಿಂದ ಎಚ್ಚರ ಆದ್ರೆ ಏನು ಮಾಡಬೇಕು, ಯಾವ ಹಂತದಲ್ಲಿ ಆಂಬುಲೆನ್ಸ್ ಕರೀಬೇಕು, ಎಲ್ಲಾ ಅದರಲ್ಲೇ. 1994ರಲ್ಲಿ ಫಲಿತಾಂಶ ಪ್ರಕಟ ಆಯ್ತು: ಊದಿದ ಬಲ ಹೆಚ್ಚಿತ್ತು, ನಿದ್ದೆಗೆಟ್ಟ ರಾತ್ರಿಗಳು ಕಡಿಮೆಯಾಗಿದ್ದವು.

ಅದೇ ಜಾಡಲ್ಲಿ 1999ರಲ್ಲಿ ದಕ್ಷಿಣ ಆಫ್ರಿಕಾದ ಹೀದರ್ ಜಾರ್ ತಂಡ ಇನ್ನೊಂದು ದಾರಿ ತೋರಿಸ್ತು. ಮಕ್ಕಳು ಇನ್‌ಹೇಲರ್ ಒತ್ತಿದಾಗ ಔಷಧ ಗಂಟಲಲ್ಲೇ ಉಳಿಯುತ್ತೆ, ಅದಕ್ಕೆ ಸ್ಪೇಸರ್ ಬೇಕು, ಅದಕ್ಕೆ ದುಡ್ಡು ಬೇಕು. ಇವರು ಅರ್ಧ ಲೀಟರ್ ಕೂಲ್‌ಡ್ರಿಂಕ್ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್‌ಹೇಲರ್‌ನ ಬಾಯಿಗೆ ಸರಿಯಾಗಿ ತೂತು ಮಾಡಿ ಕೊಟ್ರು. ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡ್ತು.

ಡಾಕ್ಟರುಗಳಿಗೂ ಪಾಠ

ಇಷ್ಟಾದ ಮೇಲೂ ಎಲ್ಲಾ ಸರಿಹೋಯ್ತಾ? 2014ರಲ್ಲಿ ಬ್ರಿಟನ್‌ನಲ್ಲಿ 195 ಅಸ್ತಮಾ ಸಾವುಗಳನ್ನ ಒಂದೊಂದಾಗಿ ಪರಿಶೀಲಿಸಿದ ವರದಿ ಬಂತು. ನೀಲಿ ಇನ್‌ಹೇಲರ್ ಲೆಕ್ಕ ಸಿಕ್ಕಿದ್ದು 165 ಜನರದ್ದು. ಅವರಲ್ಲಿ 65 ಜನಕ್ಕೆ ವರ್ಷಕ್ಕೆ 12ಕ್ಕಿಂತ ಹೆಚ್ಚು ಡಬ್ಬಿ ಬರೆದುಕೊಡಲಾಗಿತ್ತು. ಆರು ಜನಕ್ಕೆ 50ಕ್ಕೂ ಹೆಚ್ಚು! ಚೀಟಿ ಬರೆದವರು ಡಾಕ್ಟರುಗಳೇ. ‘ಇಷ್ಟು ಯಾಕೆ ಬೇಕಾಗ್ತಿದೆ?’ ಅಂತ ಕೇಳೋ ವ್ಯವಸ್ಥೆ ಇರಲಿಲ್ಲ. ಸತ್ತವರಲ್ಲಿ ಬರೀ ಶೇ 23ರಷ್ಟು ಜನರಿಗೆ ಮಾತ್ರ ಕೈಲಿ ಲಿಖಿತ ಯೋಜನೆ ಇತ್ತು.

2019ರಲ್ಲಿ ಅಸ್ತಮಾ ಬಗ್ಗೆ ಜಗತ್ತಿಗೆ ಮಾರ್ಗಸೂಚಿ ಕೊಡೋ ‘ಜೀನಾ’ ಸಂಸ್ಥೆ ದೊಡ್ಡ ತಿರುವು ತಗೊಂತು. ದೊಡ್ಡವರಿಗೆ ಮತ್ತು ಹದಿಹರೆಯದವರಿಗೆ ನೀಲಿ ಇನ್‌ಹೇಲರ್ ಒಂದನ್ನೇ ಕೊಡೋದು ಬೇಡ, ಅಸ್ತಮಾ ಸಣ್ಣದಿದ್ರೂ ಜೊತೆಗೆ ಎಳ್ಕೊಳ್ಳೋ ಸ್ಟೆರಾಯ್ಡ್ ಇರಲೇಬೇಕು ಅಂತು. ಬೆಕ್ಲೊಮೆಥಾಸೋನ್ ಬಂದು ಆಗಲೇ 47 ವರ್ಷ ಆಗಿತ್ತು.

ನಮ್ಮ ಕಡೆ

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20 ಸಾವಿರ ಮಕ್ಕಳ ಅಧ್ಯಯನ ಮಾಡಿದ್ರು. ಅಸ್ತಮಾ ಇದ್ದ ಮಕ್ಕಳ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಇನ್ನು ಇಡೀ ದೇಶದ ಲೆಕ್ಕ ಇನ್ನೂ ಕಹಿ. 2019ರ ಜಾಗತಿಕ ರೋಗಭಾರ ಅಂದಾಜಿನ ಪ್ರಕಾರ ಪ್ರಪಂಚದ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಜನ ಭಾರತದವರು. ಅಸ್ತಮಾ ಸಾವುಗಳಲ್ಲಿ ಮಾತ್ರ ನಮ್ಮ ಪಾಲು ಶೇ 40ಕ್ಕೂ ಹೆಚ್ಚು.

ಔಷಧ ಇಲ್ಲಿ ತಯಾರಾಗುತ್ತೆ, ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಆದರೆ ‘ಪಂಪ್ ಹಾಕಿದ್ರೆ ಅಭ್ಯಾಸ ಆಗೋಗುತ್ತೆ’, ‘ಅದು ಲಾಸ್ಟ್ ಸ್ಟೇಜ್‌ಗೆ’, ‘ಹುಡುಗಿಗೆ ಮದುವೆ ಮಾಡಬೇಕು, ಯಾರಿಗೂ ಹೇಳ್ಬೇಡಿ’, ಈ ಮಾತುಗಳು ಯಾವ ಮನೆಯಲ್ಲಿಲ್ಲ? ಮೃಗಶಿರಾ ಮಳೆ ಬಂದಾಗ ಮೀನಿನ ಔಷಧ ನುಂಗೋಕೆ ಹೈದರಾಬಾದಿಗೆ ನಮ್ಮ ಕಡೆಯವರೂ ಹೋಗ್ತಾರೆ. ಅವರನ್ನ ನೋಡಿ ನಗೋದು ಸುಲಭ. ದಿನಾ ತಗೋಬೇಕಾದ ಇನ್‌ಹೇಲರ್ ಯಾಕೆ ಬೇಕು ಅಂತ ಯಾರೂ ಕೂರಿಸಿ ಹೇಳದಿದ್ರೆ, ವರ್ಷಕ್ಕೊಮ್ಮೆ ಸಾಕು ಅನ್ನೋ ಮದ್ದೇ ಹಿತವಾಗಿ ಕಾಣೋದು ಸಹಜ ಅಲ್ವಾ?

ಹಾಗಾಗಿ ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮೂರು ಪ್ರಶ್ನೆ ಕೇಳಿ. ಇದು ಉಸಿರು ಬಿಡಿಸೋದಾ, ಊತ ಇಳಿಸೋದಾ? ನಾನು ಎಳ್ಕೊಳ್ಳೋ ರೀತಿ ಸರಿ ಇದ್ಯಾ, ನೋಡ್ತೀರಾ? ಜಾಸ್ತಿ ಆದ್ರೆ ಏನು ಮಾಡಬೇಕು ಅಂತ ಒಂದು ಕಾಗದದಲ್ಲಿ ಬರೆದುಕೊಡ್ತೀರಾ? ಈಗ ತಗೊಳ್ತಿರೋ ಔಷಧವನ್ನ ಈ ಸಂಚಿಕೆ ಕೇಳಿ ನಿಲ್ಲಿಸಬೇಡಿ. ನೀಲಿ ಇನ್‌ಹೇಲರ್ ಪದೇ ಪದೇ ಬೇಕಾಗ್ತಿದ್ರೆ, ಒತ್ತಿದ್ರೂ ಉಸಿರು ಬರದಿದ್ರೆ, ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮತ್ತೆ ಆ ಬ್ಯಾಗಿನ ಒಳಜೇಬಿನ ಗೆಳೆಯರು ಇದ್ದಾರಲ್ಲ, ಅವರಿಗೆ ಈ ಸಂಚಿಕೆ ಕಳಿಸಿ. ಪಕ್ಕಕ್ಕೆ ಹೋಗೋದು ಬೇಡ, ನಮ್ಮ ಮುಂದೆಯೇ ತಗೋ ಅಂತಲೂ ಹೇಳಿ.