ಮೇಳ ಮುಗಿದರೂ ಮುಳುಗದ ಹಡಗುಗಳು

ಷಿಕಾಗೋ ಎಂದೊಡನೆ ನಮಗೆ ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ ಮತ್ತು ಸ್ವಾಮಿ ವಿವೇಕಾನಂದರು. ಆ ಸಮ್ಮೇಳನ ಅಲ್ಲಿ ನಡೆದ ವಿಶ್ವಮೇಳದ ಅಂಗವಾಗಿತ್ತು. ಹಳೆಯ ಮುದ್ರಿತ ಚಿತ್ರಗಳ ಸಂಗ್ರಾಹಕರಿಗಾದರೋ ಆ ಮೇಳ ಪ್ರಿಯವಾಗಿರುವುದು ಅದರ ಹಡಗುಗಳಿಂದ.

ಕೊಲಂಬಸ್ ಅಮೆರಿಕ ತಲುಪಿದ 400ನೇ ವರ್ಷದ ನೆನಪಿನ ಮೇಳ ಅದು. ಆತನ ಸಾಂತಾ ಮರಿಯಾ, ನೀನ್ಯಾ, ಪಿಂಟಾ ಹಡಗುಗಳ ಪ್ರತಿರೂಪಗಳು ಸ್ಪೇನಿನಲ್ಲಿ ಸಿದ್ಧವಾಗಿ, ಅಟ್ಲಾಂಟಿಕ್ ದಾಟಿ ಮಿಷಿಗನ್ ಸರೋವರಕ್ಕೆ ಬಂದವು. ನಾರ್ವೆಯವರೂ ಸುಮ್ಮನೆ ಕೂರಲಿಲ್ಲ. ಕೊಲಂಬಸ್‌ಗೆ ಸುಮಾರು 500 ವರ್ಷ ಮೊದಲೇ ಸಾಗರ ದಾಟಿದವರು ತಮ್ಮ ಪೂರ್ವಜರೆಂದು ಸಾರಲು, 1880ರಲ್ಲಿ ಗೋಕ್‌ಸ್ಟಾಡ್ ದಿಬ್ಬದಲ್ಲಿ ಸಿಕ್ಕ ಹಡಗಿನ ಮಾದರಿಯಲ್ಲೇ 'ವೈಕಿಂಗ್' ಕಟ್ಟಿ ಕಳುಹಿಸಿದರು. ಕ್ಯಾಪ್ಟನ್ ಮಾಗ್ನಸ್ ಆಂಡರ್ಸನ್ ಅದನ್ನು ಬರ್ಗೆನ್‌ನಿಂದ ನಾಲ್ಕೇ ವಾರಗಳಲ್ಲಿ ನ್ಯೂಫೌಂಡ್‌ಲೆಂಡ್ ಮುಟ್ಟಿಸಿದರು.

ಎಲ್ಲಕ್ಕಿಂತ ವಿಚಿತ್ರವಾದದ್ದು ಅಮೆರಿಕದ ಯುದ್ಧನೌಕೆ 'ಇಲಿನಾಯ್'. ಚಿತ್ರಗಳಲ್ಲಿ ಅದು ನೀರಿನ ಮೇಲೆ ಗಂಭೀರವಾಗಿ ನಿಂತಿದೆ. ವಾಸ್ತವದಲ್ಲಿ ಅದು ಹಡಗೇ ಅಲ್ಲ! ಸರೋವರದಲ್ಲಿ ಹೂತ ಕಂಬಗಳ ಮೇಲೆ ಇಟ್ಟಿಗೆಯಿಂದ ಕಟ್ಟಿದ ಕಟ್ಟಡ. ಅದರ ದೊಡ್ಡ ಫಿರಂಗಿಗಳೂ ಬರಿಯ ತೋರಿಕೆಯವು. ಚಿತ್ರವನ್ನಷ್ಟೇ ನಂಬಿದವರು ಮೋಸಹೋಗುವುದು ಹೀಗೆ.

ಅಸಲಿ ಚಿತ್ರವನ್ನು ಗುರುತಿಸುವುದು ಹೇಗೆ? ಇದಕ್ಕೆ ಮೊದಲು ಬೇಕಾದದ್ದು ಭೂತಗನ್ನಡಿ. ಕಲ್ಲಚ್ಚಿನ ಬಣ್ಣದ ಚಿತ್ರದಲ್ಲಿ ಒಂದರ ಮೇಲೊಂದು ಕುಳಿತ ಬಣ್ಣದ ಕಣಗಳು ಅಡ್ಡಾದಿಡ್ಡಿಯಾಗಿರುತ್ತವೆ. ಇಂದಿನ ಆಫ್‌ಸೆಟ್ ಪ್ರತಿಯಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಪುಟ್ಟ ಹೂವಿನಂತೆ ಕ್ರಮವಾಗಿ ಜೋಡಣೆಯಾಗಿರುತ್ತವೆ. ಆದರೆ ಕಪ್ಪು–ಬಿಳುಪು ಚಿತ್ರದಲ್ಲಿ ಚುಕ್ಕೆ ಕಂಡ ಮಾತ್ರಕ್ಕೆ ಅದು ನಕಲಿಯಲ್ಲ. ಛಾಯಾಚಿತ್ರವನ್ನು ಚುಕ್ಕೆಗಳಾಗಿ ಒಡೆದು ಮುದ್ರಿಸುವ ಹಾಫ್‌ಟೋನ್ ವಿಧಾನ ಆ ವೇಳೆಗೆ ಬಳಕೆಗೆ ಬಂದಿತ್ತು. ವಾರಪತ್ರಿಕೆಗಳ ಮರದಚ್ಚಿನ ಚಿತ್ರವಾದರೆ ಹಿಂಬದಿಯಲ್ಲಿ ಆ ಕಾಲದ ಸುದ್ದಿಯೋ ಜಾಹೀರಾತೋ ಇರುವುದುಂಟು.

ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿರುವುದರಿಂದ ಅದು ಹಳದಿಗಟ್ಟಿ, ಮುಟ್ಟಿದರೆ ಪುಡಿಯಾಗುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಬಣ್ಣವೂ ಮಾಸುತ್ತದೆ. ಆಮ್ಲರಹಿತ ಹಾಳೆಗಳ ನಡುವೆ ಇಡುವುದೇ ಸೂಕ್ತ.

ಇಷ್ಟೆಲ್ಲ ಜೋಪಾನ ಏತಕ್ಕೆ? ಮೇಳಕ್ಕೆ ಬಂದ ಕೊಲಂಬಸ್‌ನ ಮೂರು ಪ್ರತಿರೂಪಗಳಲ್ಲಿ ಒಂದೂ ಈಗ ಉಳಿದಿಲ್ಲ. ಇಟ್ಟಿಗೆಯ ಯುದ್ಧನೌಕೆಯೂ ಇಲ್ಲ. 'ವೈಕಿಂಗ್' ಒಂದು ಮಾತ್ರ ಇಲಿನಾಯ್ ರಾಜ್ಯದ ಜಿನೀವಾದಲ್ಲಿ ಆಶ್ರಯ ಪಡೆದಿದೆ. ಮಿಕ್ಕವು ತೇಲುತ್ತಿರುವುದು ಕಾಗದದ ಮೇಲಷ್ಟೆ.